ಅಂತರಗಂಗೆ ಬಂಡೆಗೆ ಆ್ಯಂಕರ್ ಕಟ್ಟೋದು: ಗಂಟಿನ ಕಡೆ ಗಮನ ಇರಲಿ

ಆ್ಯಂಕರ್ ಅಂದರೆ ಬಂಡೆ ಹತ್ತುವವರ ಭಾರ ಹೊರೋಕೆ ಮೇಲೆ ಕಟ್ಟುವ ಹಗ್ಗದ ಆಧಾರ. ಕೋಲಾರದ ಅಂತರಗಂಗೆಯಲ್ಲಿ ಬಂಡೆ ಮೇಲೆ ಬಂಡೆ ಪೇರಿಸಿದ ಹಾಗಿದೆ. ಎಷ್ಟೇ ದೊಡ್ಡದಾದರೂ ಮೊದಲು ತಳ ನೋಡಿ, ಚಕ್ಕೆ ಮೇಲೆ ಕೂತಿದ್ದರೆ ಬಿಟ್ಟುಬಿಡಿ. ಅಲುಗಾಡದ, ಸುತ್ತಿದ ಹಗ್ಗ ಮೇಲಕ್ಕೆ ಜಾರಿ ಬರದಂಥ ಎರಡು ಬಂಡೆ ಬೇಕು. ಅಂಚಿನ ಹತ್ತಿರ ಕೆಲಸ ಮಾಡುವಾಗ ನಿಮ್ಮನ್ನೂ ಕಟ್ಟಿಕೊಂಡಿರಿ.

ಹಗ್ಗ ಸ್ಟ್ಯಾಟಿಕ್ (ಎಳೆದರೆ ಹೆಚ್ಚು ಹಿಗ್ಗದಂಥದ್ದು) ಇರಲಿ, 10-11 ಮಿ.ಮೀ. ದಪ್ಪ. ಮೊದಲ ಬಂಡೆಗೆ ಎಂಟರ ಗಂಟು, ಅಂದರೆ 8ರ ಆಕಾರದ ಗಂಟು. ಹಗ್ಗದಲ್ಲಿ ಒಂದು ಎಂಟು ಹಾಕಿ, ತುದಿಯನ್ನು ಬಂಡೆ ಸುತ್ತ ತಂದು, ಅದೇ ಎಂಟರ ದಾರಿಯಲ್ಲೇ ವಾಪಸ್ ನಡೆಸಿ. ಅವಸರ ಮಾಡೋರು ತಪ್ಪೋದು ಇಲ್ಲೇ. ಎಳೆಗಳು ಒಂದರ ಮೇಲೊಂದು ಹತ್ತಬಾರದು, ಜಡೆ ಹೆಣೆದ ಹಾಗೆ ಜೋಡಿಜೋಡಿಯಾಗಿ ಮಲಗಿರಬೇಕು. ಬೆರಳಿಟ್ಟು ಎಣಿಸಿ, ಐದು ಜೋಡಿ ಸಿಗಬೇಕು. ಆಮೇಲೆ ಗಂಟಿನಿಂದ ಹೊರಬಂದ ನಾಲ್ಕೂ ಎಳೆಗಳನ್ನು ಒಂದೊಂದಾಗಿ ಎಳೆದು ಬಿಗಿ ಮಾಡಿ. ತುದಿ ಒಂದು ಗೇಣಾದರೂ ಉಳಿದಿರಲಿ.

ಇನ್ನು ಹತ್ತುವವರ ಭಾರ ತೂಗುವ ಜಾಗ. ಹಗ್ಗವನ್ನು ಅಂಚಿನವರೆಗೆ ತಂದು ಮಡಚಿ, ಆ ಮಡಿಕೆಯನ್ನೇ ಇನ್ನೊಮ್ಮೆ ಮಡಚಿ, ನಾಲ್ಕೂ ಎಳೆ ಸೇರಿಸಿ ಸಾದಾ ಗಂಟು ಅಂದರೆ ಓವರ್‌ಹ್ಯಾಂಡ್ ಗಂಟು ಹಾಕಿದರೆ ಕೆಳಗೆ ಎರಡು ಕುಣಿಕೆ ಬರುತ್ತವೆ. ಒಂದು ಸವೆದು ಹೋದರೂ ಇನ್ನೊಂದು ಇರುತ್ತೆ, ಅಲ್ವಾ? ಗಂಟಿನ ಇನ್ನೊಂದು ಕಡೆ ಉಳಿಯುವ ಮಡಿಕೆಯನ್ನೂ ಈ ಕುಣಿಕೆಗಳ ಜೊತೆ, ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿಯಾದ ಕ್ಯಾರಬಿನರ್‌ಗೆ ಸೇರಿಸಿ, ಒಳಗೆ ಜಾರಿ ಹೋಗಬಾರದು. ಕ್ಯಾರಬಿನರ್ ಲಾಕ್ ಇರುವಂಥವೇ ಎರಡು ಹಾಕಿ, ಬಾಯಿ ಎದುರುಬದುರಾಗಿ.

ಎರಡನೇ ಬಂಡೆಗೆ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಸುತ್ತಿ, ಅದರ ಕ್ಯಾರಬಿನರ್‌ಗೆ ಅದೇ ಹಗ್ಗದ ಇನ್ನೊಂದು ಕಡೆಯಿಂದ ಕ್ಲೋವ್ ಹಿಚ್ (ಎರಡು ಸುತ್ತಿನ ಗಂಟು) ಹಾಕಿ. ಇದನ್ನು ಬಿಚ್ಚದೇನೇ ಹಗ್ಗದ ಉದ್ದ ಹೆಚ್ಚು ಕಡಿಮೆ ಮಾಡಬಹುದು, ಹಾಗಾಗಿ ಎರಡೂ ಕಡೆ ಸಮನಾಗಿ ಬಿಗಿಯಾಗೋವರೆಗೂ ಸರಿಮಾಡಿಕೊಳ್ಳಿ. ಆಮೇಲೆ ಉಳಿದ ಹಗ್ಗದಲ್ಲಿ ಎಂಟರ ಕುಣಿಕೆ ಹಾಕಿ ಅದೇ ಕ್ಯಾರಬಿನರ್‌ಗೆ ಸಿಕ್ಕಿಸಿ.

ಎರಡು ಬಂಡೆಗಳಿಂದ ಅಂಚಿನ ಗಂಟಿಗೆ ಬರುವ ಹಗ್ಗಗಳ ನಡುವಿನ ಕೋನ 60 ಡಿಗ್ರಿ ದಾಟದಿದ್ದರೆ ಒಳ್ಳೇದು. 120 ಆದರೆ ಭಾರ ಹಂಚಿಕೆಯೇ ಆಗಲ್ಲ, ಒಂದೊಂದು ಬಂಡೆಯ ಮೇಲೂ ಪೂರ್ತಿ ಭಾರ ಬೀಳುತ್ತೆ. ಕೋನ ಅಗಲ ಅನ್ನಿಸಿದರೆ ಇನ್ನಷ್ಟು ಹಿಂದಿರುವ ಬಂಡೆ ಹುಡುಕಿ.

ನಮ್ಮ ಕಲ್ಲು ಉಪ್ಪುಕಾಗದದ ಹಾಗೆ ಒರಟು. ಹಗ್ಗ ಅಂಚಿಗೆ ತಾಗುವ ಕಡೆ ಗೋಣಿಚೀಲ ಮಡಚಿಟ್ಟು, ಅದು ಜಾರದ ಹಾಗೆ ದಾರದಿಂದ ಕಟ್ಟಿ. ಮೊದಲ ಕೆಲವು ಸಲ ಅನುಭವ ಇರೋರು ಪಕ್ಕದಲ್ಲೇ ನಿಂತು ಪ್ರತಿ ಗಂಟನ್ನೂ ನೋಡಲಿ. ಅಂದ ಹಾಗೆ ಅಲ್ಲಿ ಕೋತಿ ಜಾಸ್ತಿ, ತಿಂಡಿ ಚೀಲವನ್ನು ಆ್ಯಂಕರ್ ಹತ್ತಿರ ಇಡಬೇಡಿ.