ನಂದಿ ಏರುವಾಗ ಮಿದುಳಿಗೆ ಏನು ಊಟ?

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ನಂದಿ ಬೆಟ್ಟವೇ ಪರೀಕ್ಷೆ. ಕೊನೆಯ ತಿರುವುಗಳಲ್ಲಿ ಕಣ್ಣು ಮಂಜಾಗುತ್ತದೆ, ಯಾವ ಗೇರ್‌ನಲ್ಲಿದ್ದೇನೆ ಅನ್ನೋದೂ ತಲೆಗೆ ಹೋಗುವುದಿಲ್ಲ. ಜೊತೆಯವರು ತಕ್ಷಣ ಹೇಳುತ್ತಾರೆ: "ಶುಗರ್ ಡೌನ್ ಆಗಿದೆ, ಗ್ಲುಕೋಸ್ ಕುಡಿ." ನಿಜವಾ ಅಂತ ನೋಡೋಣ ಎಂದು ಅಪ್ಪನ ಗ್ಲುಕೋಮೀಟರ್ ಜೇಬಿಗೆ ಹಾಕಿಕೊಂಡು ಹೋದೆ.

ಅಳೆಯುವುದಕ್ಕೂ ಒಂದು ಕ್ರಮ ಬೇಕು. ಬಾಳೆಹಣ್ಣು ಸುಲಿದ ಬೆರಳಿಗೇ ಚುಚ್ಚಿದರೆ ಮೀಟರ್ ಸುಳ್ಳು ಹೇಳುತ್ತದೆ. ಬಾಟಲಿ ನೀರಿನಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿ, ಮೊದಲ ಹನಿ ಬಿಟ್ಟು ಎರಡನೆಯದನ್ನು ಸ್ಟ್ರಿಪ್‌ಗೆ ಮುಟ್ಟಿಸುತ್ತೇನೆ. ಬೆಟ್ಟದ ಬುಡದಲ್ಲಿ ಬರಿ ಹೊಟ್ಟೆಯಲ್ಲಿ ಸಕ್ಕರೆ 90ರ (mg/dL) ಆಸುಪಾಸು. ಉಸಿರು ಬಿಗಿಹಿಡಿದು ತುಳಿದು ಮೇಲೆ ಬಂದಾಗ 130 ದಾಟಿತ್ತು! ಜೋರಾಗಿ ತುಳಿದಾಗ ಅಡ್ರಿನಲಿನ್ ಏರುತ್ತದೆ, ಸ್ನಾಯು ಖರ್ಚು ಮಾಡುವುದಕ್ಕಿಂತ ಜಾಸ್ತಿ ಸಕ್ಕರೆಯನ್ನು ಲಿವರ್ ರಕ್ತಕ್ಕೆ ಬಿಡುತ್ತದೆ.

ಅಷ್ಟು ಸಕ್ಕರೆ ಇದ್ದರೂ ಮಿದುಳು ಅದಕ್ಕೆ ಮುಗಿಬೀಳುವುದಿಲ್ಲ ಅನ್ನೋದು ನನಗೆ ಇನ್ನೂ ಸೋಜಿಗ. ಮಿದುಳು ನಮ್ಮ ತೂಕದಲ್ಲಿ ಸುಮಾರು 2%. ಸುಮ್ನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು 20% ಅದಕ್ಕೇ ಬೇಕು, ಅದೂ ಬಹುಪಾಲು ಗ್ಲುಕೋಸಿನಿಂದ. ಆದರೆ ಫಿನ್ಲೆಂಡಿನ ಟುರ್ಕುವಿನ ಸಂಶೋಧಕರು 2005ರಲ್ಲಿ ಸೈಕಲ್ ತುಳಿದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಶ್ರಮ ಹೆಚ್ಚಿದಷ್ಟೂ ಅದು ಗ್ಲುಕೋಸ್ ತೆಗೆದುಕೊಳ್ಳುವುದು ಕಡಿಮೆಯಾಗಿತ್ತು. ಆ ಹೊತ್ತಿನಲ್ಲಿ ಅದು ಜಾಸ್ತಿ ಬಳಸುವುದು ಲ್ಯಾಕ್ಟೇಟ್, ಅಂದರೆ ಸ್ನಾಯುಗಳು ಸಕ್ಕರೆಯನ್ನು ಒಡೆದಾಗ ಹುಟ್ಟುವ ವಸ್ತು. ಹೌದು, ಕಾಲು ಉರಿದಾಗೆಲ್ಲ ನಾವು ಬೈಯುವ ಅದೇ ಲ್ಯಾಕ್ಟೇಟ್. ಸ್ನಾಯುಗಳು ಹೊರಗೆ ಬಿಟ್ಟಿದ್ದನ್ನು ಮಿದುಳು, ಹೃದಯ ಎರಡೂ ಉರಿಸಿಕೊಳ್ಳುತ್ತವೆ.

ಹಾಗಾದರೆ ಆ ಮಂಕು ಎಲ್ಲಿಂದ? ಏದುಸಿರು ಬಿಟ್ಟಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಮೈ ಬಿಸಿಯೂ ಸೇರಿಕೊಳ್ಳುತ್ತದೆ. ಅದಕ್ಕೇ ಈಗ ಏರಿನಲ್ಲಿ ತಲೆ ಮಂಕಾದರೆ ಗ್ಲುಕೋಸ್ ಹುಡುಕುವುದಿಲ್ಲ. ಗೇರ್ ಇಳಿಸಿ ನಾಲ್ಕು ತಿರುವು ನಿಧಾನ ಹೋಗುತ್ತೇನೆ. ಹೆಚ್ಚೆಂದರೆ ಸಿಹಿ ನೀರು ಬಾಯಿ ಮುಕ್ಕಳಿಸಿ ಉಗಿಯುತ್ತೇನೆ. ನಗಬೇಡಿ! ಬರ್ಮಿಂಗ್‌ಹ್ಯಾಮ್‌ನಲ್ಲಿ 2004ರಲ್ಲಿ ಕಾರ್ಬೋಹೈಡ್ರೇಟ್ ಬೆರೆಸಿದ ನೀರನ್ನು ಹೀಗೆ ಬರೀ ಮುಕ್ಕಳಿಸಿದವರೇ ಸುಮಾರು ಒಂದು ಗಂಟೆಯ ಸೈಕ್ಲಿಂಗನ್ನು ಸುಮಾರು 3% ಬೇಗ ಮುಗಿಸಿದ್ದರು. ಬಾಯಿಗೆ ಕಾರ್ಬೋಹೈಡ್ರೇಟ್ ತಾಗಿದ ಸುದ್ದಿಯೇ ಮಿದುಳಿಗೆ ಸಾಕಾಗುತ್ತದೆ ಅಂತ ಕಾಣುತ್ತದೆ.

ನಾಲ್ಕೈದು ಗಂಟೆಯ ಸವಾರಿಯ ಲೆಕ್ಕ ಬೇರೆ. ಲಿವರ್‌ನ ಸಕ್ಕರೆ ದಾಸ್ತಾನು ಸುಮಾರು 100 ಗ್ರಾಂ ಅಷ್ಟೇ, ರಾತ್ರಿ ನಿದ್ದೆಯಲ್ಲೇ ಅದರಲ್ಲಿ ಸಾಕಷ್ಟು ಖಾಲಿಯಾಗಿರುತ್ತದೆ. ಅಲ್ಲಿ ಅದೇ ಮೀಟರ್ 60ರ ಹತ್ತಿರ ತೋರಿಸಿದ್ದೂ ಇದೆ. ಕೈ ನಡುಕ, ತಣ್ಣನೆ ಬೆವರು, ಜೊತೆಯವರ ಮೇಲೆ ಕಾರಣವಿಲ್ಲದ ಸಿಡುಕು. ಆ ದಿನಗಳಲ್ಲಿ ಹಸಿವಿಗೆ ಕಾಯದೆ ಮುಕ್ಕಾಲು ಗಂಟೆಗೇ ತಿನ್ನಲು ಶುರು ಮಾಡುತ್ತೇನೆ. ಗಂಟೆಗೆ ಎರಡು ಬಾಳೆಹಣ್ಣು, ಇಲ್ಲವೇ ಒಂದು ಹಣ್ಣು ಮತ್ತು ಶೇಂಗಾ ಚಿಕ್ಕಿ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಈ ಲೆಕ್ಕ ಹಿಡಿಯದೆ ಡಾಕ್ಟರನ್ನು ಕೇಳಿಯೇ ಹೊರಡಬೇಕು.