ಅಡಿಕೆ ಡಬ್ಬಕ್ಕೆ ಎಳೆದ ಬಿಳಿ ಗೆರೆ

ನಮ್ಮ ಮೊದಲ ಬೀದಿನಾಟಕ ಪೂರ್ತಿ ಕೆಟ್ಟಿತು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಅಡಿಕೆ ಸುಲಿಯುವ ಒಂದು ಚಪ್ಪರದಲ್ಲಿ ಆಡಿದ್ದೆವು. ಕೂಲಿ, ಕಾಯ್ದೆ, ಹಕ್ಕು ಎಲ್ಲ ಮಾತಲ್ಲೇ ತುಂಬಿದ್ದೆವು. ಅಲ್ಲಿದ್ದ ಜಾರ್ಖಂಡ್, ಅಸ್ಸಾಮಿನ ಹುಡುಗರಿಗೆ ಕನ್ನಡವೇ ಬಾರದು. ಕೊಪ್ಪಳದ ಕಡೆಯ ಹೆಂಗಸರಿಗೆ ಎಲ್ಲ ಅರ್ಥವಾಯಿತು, ಆದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರ ಮುಂದೆಯೇ ಕುರ್ಚಿ ಹಾಕಿ ಕೂತಿದ್ದ. ಯಾರು ಚಪ್ಪಾಳೆ ತಟ್ಟುತ್ತಾರೆ? ಜೋರಾಗಿ ನಕ್ಕಿದ್ದ ಇಬ್ಬರಿಗೆ ಮರುದಿನ ಕೆಲಸ ಹೋಯಿತು. ಅವರಿಗೆ ಬೇರೆ ತೋಟದಲ್ಲಿ ಕೆಲಸ ಹುಡುಕಿಕೊಡುವವರೆಗೆ ನನಗೆ ಊಟ ಸೇರಲಿಲ್ಲ. ನಾಟಕ ನಮ್ಮದು, ಪೆಟ್ಟು ಅವರಿಗೆ. ಆಗಿನಿಂದ ಅವರನ್ನು ಕೇಳದೆ ಏನೂ ಮಾಡುವುದಿಲ್ಲ, ಯಾರ ಮುಖದ ಫೋಟೋವನ್ನೂ ವಾಟ್ಸಾಪಿಗೆ ಹಾಕುವುದಿಲ್ಲ.

ನಾಟಕ ಬಿಟ್ಟು ಸುಮ್ನೆ ಅವರ ಜೊತೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದು ಕೂತೆವು. ರಾತ್ರಿ ಹತ್ತರ ತನಕ ಸುಲಿಯುತ್ತಾ ಕೂತರೆ, ಕೈ ಕಪ್ಪಾಗುತ್ತಾ ಹೋದ ಹಾಗೆ ಮಾತೂ ತಾನಾಗೇ ಬರುತ್ತದೆ. ಅಲ್ಲೇ ಗೊತ್ತಾಗಿದ್ದು, ಅವರ ಸಂಕಟ ದರಕ್ಕಿಂತ ಜಾಸ್ತಿ ಡಬ್ಬದ್ದು. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಕೂಲಿ ಮಾತಾಡುವಾಗ ತೋರಿಸಿದ ಡಬ್ಬ ಒಂದು, ಅಳೆಯುವ ಡಬ್ಬ ಇನ್ನೊಂದು, ಅದಕ್ಕಿಂತ ದೊಡ್ಡದು. ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿ, ಅದನ್ನು ಓದಲು ಇವರಿಗೆ ಬರುವುದಿಲ್ಲ.

ಒಂದು ರಾತ್ರಿ ಕಾಗೋಡಿನ ಕಥೆ ಹೇಳಿದೆ. 1951ರಲ್ಲಿ ಇದೇ ತಾಲೂಕಿನ ದೀವರ ಸಮುದಾಯದ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೇ ಎದ್ದು ನಿಂತಿದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದು. ಹಿಂದಿ ಬಲ್ಲ ಹುಡುಗನೊಬ್ಬ ಉಳಿದವರಿಗೆ ಹೇಳುತ್ತಾ ಹೋದ. ಹೇಳಿ ಮುಗಿಸಿ ಕೇಳಿದ: 'ಕೊಳಗ ಅಂದ್ರೆ ನಮ್ಮ ಡಬ್ಬಾನೇ ಅಲ್ವಾ?'

ಅಲ್ಲಿಂದ ಕೆಲಸದ ದಾರಿ ಬದಲಾಯಿತು. ಪಕ್ಕದ ಊರಿನ ದೀವರ ಅಜ್ಜಿಯೊಬ್ಬರನ್ನು ಕರೆದುಕೊಂಡು ಬಂದೆವು. ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಕೈ ಅವರದು. ಕೂಲಿಯವರು ಮಲಗುವ ಶೆಡ್ಡಿನ ಗೋಡೆಗೆ ಕೆಮ್ಮಣ್ಣು ಬಳಿದೆವು. ಅಕ್ಕಿ ಅರೆದು ಬಿಳಿ ಮಾಡಿ, ಪುಂಡಿನಾರಿನ ಕುಂಚ ಹಿಡಿಯುವುದನ್ನು ಅಜ್ಜಿ ಕಲಿಸಿದರು. ಒಬ್ಬೊಬ್ಬರೂ ತಮಗೊಂದು ಗುರುತು ಆರಿಸಿಕೊಂಡರು: ಹಕ್ಕಿ, ಏಣಿ, ಭತ್ತದ ತೆನೆ. ಹೆಸರು ಬೇಡ, ಅಕ್ಷರ ಬೇಡ. ಒಂದು ಡಬ್ಬಕ್ಕೆ ಒಂದು ಗೆರೆ. ವಾರ ಕಳೆಯುವುದರೊಳಗೆ ಗೋಡೆ ತುಂಬಾ ಚಿತ್ತಾರ, ಅದೇ ಕೂಲಿಯ ಲೆಕ್ಕ. ಗೋಡೆ ಒಂದು ಹೇಳುತ್ತಿತ್ತು, ಪುಸ್ತಕ ಇನ್ನೊಂದು.

ಹಾಡು ನಾವು ಬರೆಯಲಿಲ್ಲ. ಕೊಪ್ಪಳದ ಹೆಂಗಸರು ಬೀಸುವ ಪದದ ಧಾಟಿಯಲ್ಲಿ ಡಬ್ಬದ ಮೇಲೆ ಪದ ಕಟ್ಟಿದರು. ಅಸ್ಸಾಮಿನ ಹುಡುಗರು ಚಹಾ ತೋಟದ ಝುಮುರ್ ಹಾಡಿದರೆ ಜಾರ್ಖಂಡಿನವರು ತಕ್ಷಣ ದನಿಗೂಡಿಸಿದರು. ಚಹಾ ತೋಟಕ್ಕೆ ಕೂಲಿಗೆ ಹೋದವರಲ್ಲಿ ತುಂಬಾ ಜನ ಹಿಂದೆ ಜಾರ್ಖಂಡಿನ ಕಡೆಯಿಂದ ಹೋದವರೇ ಅಲ್ವಾ, ಹಾಡೂ ಅವರ ಜೊತೆಗೇ ಹೋಗಿತ್ತು. ತಾಳಕ್ಕೆ ಖಾಲಿ ಡಬ್ಬ.

ಒಂದು ಭಾನುವಾರ ತೋಟದ ಯಜಮಾನರನ್ನೂ ಖೇಣಿದಾರನನ್ನೂ ಕರೆದು ಹಾಡು ಕೇಳಿಸಿದೆವು. ಹಾಡಿನ ನಡುವೆ ಹೆಂಗಸರಿಬ್ಬರು ತೋರಿಸಿದ ಡಬ್ಬಕ್ಕೆ ಕಂಠದ ತನಕ ನೀರು ತುಂಬಿ, ಅದನ್ನು ಅಳೆಯುವ ಡಬ್ಬಕ್ಕೆ ಸುರಿದರು. ತುಂಬಲಿಲ್ಲ. ಹಾಡು ನಿಂತಿತು. ಯಾರೂ ಒಂದು ಮಾತಾಡಲಿಲ್ಲ. ಯಜಮಾನರೇ ಎದ್ದು ಬಂದು, ಬಗ್ಗಿ ನೋಡಿದರು.

ಅಜ್ಜಿ ಕುಂಚ ತಂದು, ನೀರು ನಿಂತ ಮಟ್ಟಕ್ಕೆ ಡಬ್ಬದ ಸುತ್ತ ಬಿಳಿ ಗೆರೆ ಎಳೆದರು. ಆ ಗೆರೆಗೇ ಅಳತೆ ಅಂತ ಒಪ್ಪಿಗೆಯಾಯಿತು. ಅಕ್ಕಿಹಿಟ್ಟು ಅಳಿಸಿಹೋಗುತ್ತದೆ ಅಂತ ಮರುದಿನ ಪೇಂಟು ತಂದು ತಿದ್ದಿದೆವು.

ಹಳೆಯ ಬಾಕಿ ಇನ್ನೂ ಬಂದಿಲ್ಲ. ಅಂಗಳದಲ್ಲಿ ಅಡಿಕೆ ಹರವುವ ಹೆಂಗಸರಿಗೆ ಅದೇ ಕೆಲಸಕ್ಕೆ ಗಂಡಸರಿಗಿಂತ ಕಡಿಮೆ ಕೂಲಿ, ಸಮಾನ ವೇತನದ ಕಾನೂನು 1976ರಲ್ಲೇ ಬಂದಿದ್ದರೂ. ಈ ಸಲದ ಗೋಡೆ ಅವರದ್ದು. ಭೂಮಿ ಹುಣ್ಣಿಮೆ ಹಬ್ಬ ಮುಗಿದ ಕೂಡಲೇ ಕೆಮ್ಮಣ್ಣು ತರಬೇಕು, ಅಜ್ಜಿ ಈಗಲೇ ಪುಂಡಿನಾರು ನೆನೆಹಾಕಿದ್ದಾರೆ.