ಗ್ಲೋರಿಯೋಸಂಗೆ ಆಳದ ಕುಂಡ ಬೇಡ, ಉದ್ದದ್ದು ಬೇಕು

ಫಿಲೋಡೆಂಡ್ರಾನ್ ಗ್ಲೋರಿಯೋಸಂ ಎಂಬ ಅಲಂಕಾರದ ಎಲೆಗಿಡ ತಂದವರಲ್ಲಿ ಹೆಚ್ಚಿನವರು ಅದಕ್ಕೆ ಮಾಸ್ ಕೋಲು (ಗಿಡ ಹತ್ತಲೆಂದು ಪಾಚಿ ಸುತ್ತಿದ ಕೋಲು) ನೆಡುತ್ತಾರೆ. ಸುಮ್ನೆ ದುಡ್ಡು ದಂಡ. ಇದು ಹತ್ತುವ ಗಿಡ ಅಲ್ಲ, ತೆವಳುವ ಗಿಡ. ಕೊಲಂಬಿಯಾದ ಕಾಡಿನಲ್ಲಿ ನೆಲದ ಮೇಲೆ, ಉದುರಿದ ಎಲೆಗಳ ನಡುವೆ ಅಡ್ಡಡ್ಡ ಹರಿಯುತ್ತದೆ.

ಹಾಗಾಗಿ ಉದ್ದನೆಯ, ಆಳ ಕಡಿಮೆ ಇರುವ ಟ್ರೇ ತಗೊಳ್ಳಿ. ದಪ್ಪ ಕಾಂಡವನ್ನು ಮಣ್ಣಿನ ಮೇಲೆ ಮಲಗಿಸಿ, ಬೇರು ಮಾತ್ರ ಒಳಗೆ ಹೋಗಲಿ. ಕಾಂಡ ಹೂತರೆ ಕೊಳೆಯುವುದು ಅಲ್ಲಿಂದಲೇ ಶುರು. ಬೆಳೆಯುವ ತುದಿ ಯಾವ ಕಡೆ ಇದೆ ನೋಡಿ, ಆ ಕಡೆ ಜಾಗ ಬಿಡಿ.

ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡ, ಒಳಗೆ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ಮರದ ತೊಗಟೆ ಚೂರು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು), ಸ್ವಲ್ಪ ಇದ್ದಿಲು ಬೆರೆಸಿ. ಮೇಲಿನ ಒಂದು ಇಂಚು ಒಣಗಿದ ಮೇಲೆ ನೀರು ಹಾಕಿದರೆ ಸಾಕು.

ಹೊಸ ಎಲೆ ಸುರುಳಿ ಬಿಚ್ಚುವಾಗ ಮುಟ್ಟಲೇಬೇಡಿ. ಆಗ ಅದು ತುಂಬಾ ಮೆತ್ತಗೆ, ಗಾಳಿ ಒಣಗಿದ್ದರೆ ಸುರುಳಿಯಲ್ಲೇ ಸಿಕ್ಕಿಕೊಂಡು ಹರಿಯುತ್ತದೆ. ಬೆಂಗಳೂರಿನವರಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಇದೇ ಗೋಳು. ಆ ತಿಂಗಳು ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಇಡಿ, ಇಲ್ಲವೇ ನಾಲ್ಕಾರು ಗಿಡ ಒಟ್ಟಿಗೆ ಗುಂಪು ಮಾಡಿ. ಮಂಗಳೂರು ಕಡೆಯವರಿಗೆ ಈ ತಲೆನೋವು ಕಡಿಮೆ, ಪುಣ್ಯವಂತರು!

ಎಲೆ ವೆಲ್ವೆಟ್ ಥರ ಇರುವುದರಿಂದ ಎಲೆಗೆ ಹೊಳಪು ಕೊಡುವ ಲೀಫ್ ಶೈನ್ ಹಚ್ಚಬೇಡಿ. ಧೂಳಿಗೆ ಮೆತ್ತನೆ ಬ್ರಷ್ ಸಾಕು. ಎಲೆಯ ಅಡಿಭಾಗ ಆಗಾಗ ನೋಡ್ತಿರಿ, ರಸ ಹೀರುವ ಪುಟ್ಟ ನುಸಿ ಸ್ಪೈಡರ್ ಮೈಟ್ ಅಲ್ಲೇ ಕೂರೋದು.

ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಎತ್ತರದಲ್ಲಿಡಿ, ಎಲೆ ಅಗಿದರೆ ಬಾಯಿ ಉರಿಯುತ್ತದೆ.